ಆ್ಯಪ್ ಇನ್‌ಸ್ಟಾಲ್ ಆಗ್ತಿಲ್ವಾ? ಎಪಿಕೆ ಫೈಲ್ ಹುಡುಕೋ ಮುಂಚೆ ಇದನ್ನ ಓದಿ

ಬ್ಯಾಂಕ್ ಆ್ಯಪ್ ಹಾಕಿಕೊಳ್ಳೋಣ ಅಂತ ಪ್ಲೇ ಸ್ಟೋರ್ ತೆಗೆದರೆ 'ಯುವರ್ ಡಿವೈಸ್ ಈಸಂಟ್ ಕಂಪ್ಯಾಟಿಬಲ್' ಅಂತ ಬರುತ್ತೆ. ಕೆಲವೊಮ್ಮೆ ಎಷ್ಟು ಹುಡುಕಿದರೂ ಆ್ಯಪ್ ಕಾಣೋದೇ ಇಲ್ಲ. ಪಕ್ಕದ ಅಂಗಡಿಯವರ ಫೋನಲ್ಲಿ ಮಾತ್ರ ಅದೇ ಆ್ಯಪ್ ಆರಾಮಾಗಿ ನಡೀತಿರುತ್ತೆ. ಆಗ ಯಾರೋ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸ್ತಾರೆ, ಇವರು ಹಿಂದೆಮುಂದೆ ನೋಡದೆ ಹಾಕಿಕೊಳ್ತಾರೆ. ಖಾತೆಯಲ್ಲಿನ ದುಡ್ಡು ಖಾಲಿಯಾಗೋ ದಾರಿಗಳಲ್ಲಿ ಇದೂ ಒಂದು.

ಸ್ಟೋರ್ ಯಾಕೆ ಬೇಡ ಅನ್ನುತ್ತೆ?

ಇದು ನೆಟ್‌ವರ್ಕ್ ಸಮಸ್ಯೆ ಅಲ್ಲ. ಆ್ಯಪ್ ಮಾಡಿದವರು ಅದರೊಳಗೇ ಕೆಲವು ಷರತ್ತು ಬರೆದಿಟ್ಟಿರ್ತಾರೆ: ಆಂಡ್ರಾಯ್ಡ್ ಕನಿಷ್ಠ ಯಾವ ವರ್ಷನ್ ಇರಬೇಕು, ಪ್ರೊಸೆಸರ್ ಯಾವ ಬಗೆಯದು, ಎನ್‌ಎಫ್‌ಸಿ ಬೇಕೋ ಬೇಡವೋ, ಯಾವ ದೇಶದಲ್ಲಿ ಸಿಗಬೇಕು. ಪ್ಲೇ ಸ್ಟೋರ್ ಇದನ್ನ ನಿಮ್ಮ ಫೋನ್ ಜೊತೆ ತಾಳೆ ನೋಡುತ್ತೆ. ತಾಳೆ ಆಗದಿದ್ರೆ ಕೊಡಲ್ಲ.

ಕಡಿಮೆ ಬೆಲೆಯ ಫೋನ್‌ಗಳಿಗೆ ಕಂಪನಿಯವರು ವರ್ಷನ್ ಅಪ್‌ಡೇಟ್ ಕೊಡೋದು ಬೇಗ ನಿಲ್ಲಿಸ್ತಾರೆ. ಫೋನ್ ಚೆನ್ನಾಗೇ ಇರುತ್ತೆ, ಡಿಸ್‌ಪ್ಲೇ ಒಡೆದಿರಲ್ಲ, ಬ್ಯಾಟರಿ ಬಾಳುತ್ತೆ. ಆದ್ರೆ ಬ್ಯಾಂಕ್ ಆ್ಯಪ್‌ಗಳು ಭದ್ರತೆ ಕಾರಣಕ್ಕೆ ಕನಿಷ್ಠ ವರ್ಷನ್ ಏರಿಸ್ತಾ ಹೋಗ್ತವೆ. ಆಂಡ್ರಾಯ್ಡ್ 4.4ರಲ್ಲಿ ಈಗ ವಾಟ್ಸಾಪ್ ಕೂಡ ನಡೆಯಲ್ಲ.

ಐಫೋನ್ ಅಂದ ಮಾತ್ರಕ್ಕೆ ಪಾರಾದಂತಲ್ಲ. 2025ರ ಮೇ 5ರಿಂದ ವಾಟ್ಸಾಪ್‌ಗೆ ಐಒಎಸ್ 15.1 ಅಥವಾ ಅದಕ್ಕಿಂತ ಹೊಸದು ಬೇಕು. ಐಫೋನ್ 5ಎಸ್, 6, 6 ಪ್ಲಸ್ ಐಒಎಸ್ 12ರಲ್ಲೇ ನಿಂತಿವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇವು ಅಗ್ಗಕ್ಕೆ ಸಿಕ್ಕರೆ ಯಾಕೆ ಅಗ್ಗ ಅನ್ನೋದು ಗೊತ್ತಿರಲಿ.

ಸ್ಟೋರ್ ಬದಲಿಸಿದ್ರೆ ಆಗುತ್ತಾ ಅಂತ ಕೇಳೋರಿದ್ದಾರೆ. ಸ್ಯಾಮ್ಸಂಗ್‌ನ ಗ್ಯಾಲಕ್ಸಿ ಸ್ಟೋರ್ ಇದೆ, 2024ರ ಫೆಬ್ರವರಿಯಲ್ಲಿ ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್ ಬಂತು, ಅದ್ರಲ್ಲಿ ಕನ್ನಡವೂ ಇದೆ. ಆದ್ರೆ ಸ್ಟೋರ್ ಬದಲಾದ್ರೂ ಫೋನ್ ಅದೇ ತಾನೇ? ಆ್ಯಪ್‌ಗೆ ಆಂಡ್ರಾಯ್ಡ್ 9 ಬೇಕು ಅಂದ್ರೆ ಎಲ್ಲಿಂದ ಇಳಿಸಿದ್ರೂ ಬೇಕೇ.

ಹೊಸ ಫೋನಲ್ಲೂ ತೊಂದರೆ

ಅಂಗಡಿಯವರಿಗೆ ಇದು ಉಲ್ಟಾ ಕೂಡ ಹೊಡೆಯುತ್ತೆ. ಹತ್ತು ವರ್ಷದ ಹಿಂದೆ ಯಾರೋ ಮಾಡಿಕೊಟ್ಟ ಬಿಲ್ಲಿಂಗ್ ಆ್ಯಪ್ ಹಳೆ ಫೋನಲ್ಲಿ ನಡೀತಿರುತ್ತೆ, ಹೊಸ ಫೋನಿಗೆ ಹಾಕಿದ್ರೆ ಹತ್ತೋದೇ ಇಲ್ಲ. ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ವರ್ಷನ್‌ಗಳಿಗೆಂದು ಮಾಡಿದ ಆ್ಯಪ್‌ಗಳನ್ನ ಆಂಡ್ರಾಯ್ಡ್ 14 ಇನ್‌ಸ್ಟಾಲ್ ಮಾಡೋಕೇ ಬಿಡಲ್ಲ. ಕೆಲವು ಹೊಸ ಫೋನ್‌ಗಳಲ್ಲಿ 32 ಬಿಟ್ ಆ್ಯಪ್‌ಗಳು ನಡೆಯೋದಿಲ್ಲ. ಹಾಗಾಗಿ ಹೊಸ ಫೋನಲ್ಲಿ ಆ್ಯಪ್ ನಡೆದು ಲೆಕ್ಕ ಸರಿ ಕಾಣೋವರೆಗೂ ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಬಿಲ್ ಪ್ರಿಂಟರ್ ಕಥೆಯೂ ಇಂಥದ್ದೇ. ಅಂಗೈಯಗಲದ ಅಗ್ಗದ ಬ್ಲೂಟೂತ್ ಪ್ರಿಂಟರ್‌ಗಳಲ್ಲಿ ಹಲವು ಹಳೆ ಬಗೆಯ ಬ್ಲೂಟೂತ್‌ನವು. ಆಂಡ್ರಾಯ್ಡ್‌ಗೆ ತಟ್ಟಂತ ಸೇರ್ತವೆ, ಐಫೋನ್‌ಗೆ ಸೇರಲ್ಲ. ಡಬ್ಬದ ಮೇಲೆ ಐಒಎಸ್ ಅಂತ ಬರೆದಿದ್ರೂ ಅಂಗಡಿಯಲ್ಲೇ ಒಂದು ಬಿಲ್ ತೆಗೆಸಿ ನೋಡಿ.

ಎಪಿಕೆ ಹಾಕಿದ್ರೆ ಏನಾಗುತ್ತೆ?

ಎಪಿಕೆ ಅಂದ್ರೆ ಆಂಡ್ರಾಯ್ಡ್ ಆ್ಯಪ್‌ನ ಫೈಲ್, ಅಷ್ಟೇ. ಅದು ತಾನಾಗಿ ಕೆಟ್ಟದ್ದಲ್ಲ. ಯಾರು ಮಾಡಿದ್ದು ಅನ್ನೋದು ಗೊತ್ತಾಗದೇ ಇರೋದೇ ಅಪಾಯ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಲ್ಲಿ ಇವು ಬರ್ತವೆ. ಕರೆಯೋಲೆ ಫೋಟೋ ಆಗಿ ಬರುತ್ತೆ, ಪಿಡಿಎಫ್ ಆಗಿ ಬರುತ್ತೆ. ಅದು ಆ್ಯಪ್ ಆಗಿ ಬಂದ್ರೆ ಮದುವೆಗೆ ಹೋಗೋದೇ ಬೇಡ! ಕಳಿಸಿದೋರು ನೆಂಟರೇ ಆಗಿರಬಹುದು, ಯಾಕಂದ್ರೆ ಅವರ ಫೋನ್ ಮೊದಲೇ ಕಳ್ಳರ ಕೈಗೆ ಹೋಗಿರುತ್ತೆ.

ಹಾಕಿದ ತಕ್ಷಣ ಎಸ್‌ಎಂಎಸ್ ಓದೋಕೆ ಅನುಮತಿ ಕೇಳುತ್ತೆ, 'ಆ್ಯಕ್ಸೆಸಿಬಿಲಿಟಿ' ಆನ್ ಮಾಡಿ ಅನ್ನುತ್ತೆ. ಒತ್ತಿದ್ರೆ ಮುಗೀತು, ಒಟಿಪಿ ನೇರ ಕಳ್ಳರಿಗೆ ಹೋಗುತ್ತೆ. ಪ್ಲೇ ಪ್ರೊಟೆಕ್ಟ್ ಎಚ್ಚರಿಕೆ ತೋರಿಸಿದ್ರೆ ಅದನ್ನ ದಾಟಿ ಮುಂದೆ ಹೋಗಬೇಡಿ.

ಈಗಾಗಲೇ ಹಾಕಿಬಿಟ್ಟಿದ್ರೆ ಮೊದಲು ಫ್ಲೈಟ್ ಮೋಡ್ ಹಾಕಿ. ಬೇರೆ ಫೋನಿಂದ ಬ್ಯಾಂಕ್‌ಗೆ ಹೇಳಿ ಖಾತೆ ತಡೆಸಿ, ದುಡ್ಡು ಹೋಗಿದ್ರೆ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತೆ.

ಹಾಗಾದ್ರೆ ಏನು ಮಾಡೋದು?

ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒತ್ತಿ ಆಂಡ್ರಾಯ್ಡ್ ವರ್ಷನ್ ನೋಡಿ. ಸಿಸ್ಟಮ್ ಅಪ್‌ಡೇಟ್ ಬಾಕಿ ಇದ್ರೆ ಅದನ್ನೇ ಮೊದಲು ಮಾಡಿ, ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತೆ. ಆಗದಿದ್ರೆ ಬ್ಯಾಂಕ್‌ನ ವೆಬ್‌ಸೈಟ್‌ನಲ್ಲೇ ನೆಟ್‌ಬ್ಯಾಂಕಿಂಗ್ ಬಳಸಬಹುದು. ಬಟನ್ ಫೋನ್ ಇರೋರಿಗೆ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ತಂದ ಯುಪಿಐ 123ಪೇ ಇದೆ, ಇಂಟರ್ನೆಟ್ ಬೇಡ. *99# ಒತ್ತಿದ್ರೂ ಬ್ಯಾಲೆನ್ಸ್ ಗೊತ್ತಾಗುತ್ತೆ, ದುಡ್ಡು ಕಳಿಸಬಹುದು. ಸಿಮ್ ಮಾತ್ರ ಬ್ಯಾಂಕ್‌ಗೆ ಕೊಟ್ಟ ನಂಬರಿನದ್ದೇ ಆಗಿರಬೇಕು.

ಹೊಸದೋ ಸೆಕೆಂಡ್ ಹ್ಯಾಂಡೋ, ಫೋನ್ ತಗೊಳ್ಳೋ ಮುಂಚೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು 'ಅಬೌಟ್ ದಿಸ್ ಆ್ಯಪ್' ಒತ್ತಿ. ಕೆಳಗೆ ಯಾವ ಆಂಡ್ರಾಯ್ಡ್ ಬೇಕು ಅಂತ ಬರೆದಿರುತ್ತೆ. ಕೊಳ್ಳೋ ಫೋನಲ್ಲಿ ಅದಕ್ಕಿಂತ ಮೂರ್ನಾಲ್ಕು ವರ್ಷನ್ ಮುಂದಿನದ್ದು ಇದ್ರೆ ಕೆಲವು ವರ್ಷ ನಿಶ್ಚಿಂತೆ.