ಲಿನಕ್ಸ್‌ನಲ್ಲಿ ಎವಲ್ಯೂಶನ್: ಪತ್ರಗಳು ಇರುವುದೆಲ್ಲಿ, ಅಳಿಸಬಹುದಾದದ್ದು ಯಾವುದು?

ಎವಲ್ಯೂಶನ್ ಎಂಬುದು ಲಿನಕ್ಸ್ ಗಣಕಯಂತ್ರಗಳಲ್ಲಿ ಇ-ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್ ಹಾಗೂ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಒಂದೇ ಕಿಟಕಿಯಲ್ಲಿ ನೀಡುವ ಉಚಿತ ತಂತ್ರಾಂಶ. ಮಿಗೆಲ್ ಡಿ ಇಕಾಝಾ ಮತ್ತು ನ್ಯಾಟ್ ಫ್ರೀಡ್‌ಮನ್ ಸ್ಥಾಪಿಸಿದ ಝಿಮಿಯನ್ ಸಂಸ್ಥೆ ಇದರ 1.0 ಆವೃತ್ತಿಯನ್ನು 2001ರ ಡಿಸೆಂಬರ್‌ನಲ್ಲಿ ಹೊರತಂದಿತು. 2003ರಲ್ಲಿ ನೋವೆಲ್ ಕಂಪನಿ ಝಿಮಿಯನ್ ಅನ್ನು ಕೊಂಡುಕೊಂಡಿತು; 2004ರಲ್ಲಿ ಎವಲ್ಯೂಶನ್ ಗ್ನೋಮ್ ಯೋಜನೆಯ ಅಂಗವಾಯಿತು. ಉಬುಂಟುವಿನಲ್ಲಿ 2011ರ ಅಕ್ಟೋಬರ್ ಆವೃತ್ತಿಯಿಂದ ಇದರ ಸ್ಥಾನಕ್ಕೆ ಥಂಡರ್‌ಬರ್ಡ್ ಬಂದಿದೆ. ಆದರೂ ಬೇಕೆಂದವರು ಎವಲ್ಯೂಶನ್ ಅನ್ನು ಖರ್ಚಿಲ್ಲದೆ ಸ್ಥಾಪಿಸಿಕೊಳ್ಳಬಹುದು.

ಚರ್ಚ್ ಕಚೇರಿಗಳಲ್ಲಿ ಸಾಮಾನ್ಯವಾಗಿ ಗಣಕಯಂತ್ರ ಒಂದು, ಬಳಸುವವರು ಹಲವರು. ಧರ್ಮಗುರುಗಳಿಗೆ ವರ್ಗವಾಗುತ್ತದೆ, ಕಚೇರಿ ಸಹಾಯಕರು ಬದಲಾಗುತ್ತಾರೆ. ವರ್ಷಗಳ ಪತ್ರವ್ಯವಹಾರ ಮಾತ್ರ ಅಲ್ಲೇ ಉಳಿಯಬೇಕು. ಏನೋ ಕೆಟ್ಟಿತೆಂದು ಕರೆಸಿದ ಪರಿಚಿತ ಹುಡುಗ 'ಎಲ್ಲ ತೆಗೆದು ಹೊಸದಾಗಿ ಹಾಕಿಬಿಡೋಣ' ಎಂದಾಗ ಹೂಂ ಅನ್ನುವ ಮೊದಲು ಪತ್ರಗಳು ಎಲ್ಲಿವೆ ಎಂಬುದು ನಮಗೆ ಗೊತ್ತಿರಬೇಕು.

ಖಾತೆಯನ್ನು ಐಮ್ಯಾಪ್ ವಿಧಾನದಲ್ಲಿ ಜೋಡಿಸಿದ್ದರೆ ಪತ್ರಗಳ ಮೂಲ ಪ್ರತಿ ಸೇವೆ ಕೊಡುವ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ; ನಮ್ಮ ಯಂತ್ರದಲ್ಲಿರುವುದು ಅದರ ನಕಲು ಮಾತ್ರ. ಪಾಪ್ ವಿಧಾನವಾದರೆ ಪತ್ರಗಳು ಯಂತ್ರಕ್ಕೇ ಇಳಿದು ಬರುತ್ತವೆ. 'ಲೀವ್ ಮೆಸೇಜಸ್ ಆನ್ ಸರ್ವರ್' ಎಂಬಲ್ಲಿ ಗುರುತು ಹಾಕಿಲ್ಲವಾದರೆ ಅವು ಸರ್ವರ್‌ನಿಂದ ಅಳಿಸಿಹೋಗುತ್ತವೆ, ಮತ್ತೆ ಇರುವುದು ನಮ್ಮ ಯಂತ್ರದಲ್ಲಿ ಮಾತ್ರ. ನಮ್ಮದು ಯಾವುದೆಂದು ತಿಳಿಯಲು ಎಡಗಡೆಯ ಪಟ್ಟಿಯನ್ನು ನೋಡಿದರೆ ಸಾಕು. ಐಮ್ಯಾಪ್ ಖಾತೆಗೆ ಅಲ್ಲಿ ಅದರದೇ ಹೆಸರಿನ ಪ್ರತ್ಯೇಕ ಶೀರ್ಷಿಕೆ ಇರುತ್ತದೆ; ಪಾಪ್ ಪತ್ರಗಳು 'ಆನ್ ದಿಸ್ ಕಂಪ್ಯೂಟರ್' ಎಂಬುದರ ಕೆಳಗಿನ ಇನ್‌ಬಾಕ್ಸ್‌ನಲ್ಲಿ ಬಂದು ಬೀಳುತ್ತವೆ. ಐಮ್ಯಾಪ್ ಇದೆಯೆಂದು ಪೂರ್ತಿ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಜಾಗ ಉಳಿಸಲೆಂದು ಯಾರಾದರೂ ಹಳೆಯ ಪತ್ರಗಳನ್ನು 'ಆನ್ ದಿಸ್ ಕಂಪ್ಯೂಟರ್' ಕೆಳಗಿನ ಫೋಲ್ಡರಿಗೆ ಎಳೆದು ಹಾಕಿದ್ದರೆ ಅವು ಕೂಡ ಸರ್ವರ್ ಬಿಟ್ಟು ಯಂತ್ರಕ್ಕೆ ಬಂದಿರುತ್ತವೆ.

ಯಂತ್ರದಲ್ಲಿ ಎವಲ್ಯೂಶನ್ ತನ್ನ ಸಾಮಾನನ್ನು ಮೂರು ಕಡೆ ಇಡುತ್ತದೆ. ನಮ್ಮ ಹೋಮ್ ಫೋಲ್ಡರನ್ನು ತೆರೆದು ಕಂಟ್ರೋಲ್ ಹಾಗೂ ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಹೆಸರಿನ ಮುಂದೆ ಚುಕ್ಕೆಯಿರುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ಅವುಗಳಲ್ಲಿ 'ಲೋಕಲ್', ಅದರೊಳಗೆ 'ಶೇರ್', ಅದರೊಳಗೆ 'ಎವಲ್ಯೂಶನ್': ಯಂತ್ರದಲ್ಲಿ ಉಳಿಸಿದ ಪತ್ರಗಳು, ವಿಳಾಸಗಳು, ಕ್ಯಾಲೆಂಡರ್ ಎಲ್ಲ ಇಲ್ಲಿವೆ. ಇದನ್ನು ಯಾವ ಕಾರಣಕ್ಕೂ ಅಳಿಸಬಾರದು. 'ಕಾನ್ಫಿಗ್' ಒಳಗಿನ ಎವಲ್ಯೂಶನ್‌ನಲ್ಲಿ ಖಾತೆಗಳ ವಿವರಗಳಿರುತ್ತವೆ. 'ಕ್ಯಾಶ್' ಒಳಗಿನ ಎವಲ್ಯೂಶನ್‌ನಲ್ಲಿರುವುದು ಸರ್ವರ್‌ನಿಂದ ತಂದ ನಕಲುಗಳು. ಅಳಿಸಿದರೆ ಅವು ಮತ್ತೆ ಇಳಿದು ಬರುತ್ತವೆ. ಫ್ಲ್ಯಾಟ್‌ಪ್ಯಾಕ್ ಮೂಲಕ ಸ್ಥಾಪಿಸಿದವರಿಗೆ ಇವೆಲ್ಲ 'ವಾರ್' ಎಂಬ ಅಡಗಿದ ಫೋಲ್ಡರಿನೊಳಗೆ ಸಿಗುತ್ತವೆ.

ಐಮ್ಯಾಪ್ ಖಾತೆಯಲ್ಲಿ ಪತ್ರಗಳ ಸಂಖ್ಯೆ ತಪ್ಪಾಗಿ ಕಂಡರೆ, ಹೆಸರು ಕಂಡರೂ ಪತ್ರ ತೆರೆಯದಿದ್ದರೆ, ಬಹಳ ಸಲ ಈ ನಕಲು ಕೆಟ್ಟಿರುವುದೇ ಕಾರಣ. ಕಿಟಕಿ ಮುಚ್ಚಿದ ಮಾತ್ರಕ್ಕೆ ಎವಲ್ಯೂಶನ್ ನಿಲ್ಲುವುದಿಲ್ಲ. ಅದರ ಹಿನ್ನೆಲೆ ಕೆಲಸಗಾರರು ಒಳಗೆ ನಡೆಯುತ್ತಲೇ ಇರುತ್ತಾರೆ. ಆದ್ದರಿಂದ ಟರ್ಮಿನಲ್ ತೆರೆದು, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಎವಲ್ಯೂಶನ್ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ, ಫೋರ್ಸ್, ಒಂದು ಅಡ್ಡಗೆರೆ, ಶಟ್‌ಡೌನ್ ಎಂದು ಸೇರಿಸಿ ಎಂಟರ್ ಒತ್ತಬೇಕು. ಬಳಿಕ 'ಕ್ಯಾಶ್' ಒಳಗಿನ ಎವಲ್ಯೂಶನ್ ಫೋಲ್ಡರಿಗೆ ಬೇರೆ ಹೆಸರಿಟ್ಟು ತಂತ್ರಾಂಶವನ್ನು ಮತ್ತೆ ತೆರೆಯಬೇಕು. ಅಳಿಸುವ ಬದಲು ಹೆಸರು ಬದಲಿಸಿರೆಂದು ನಾವು ಹೇಳುವುದು ಸುಮ್ಮನೆ ಅಲ್ಲ. ಎಲ್ಲ ಸರಿಹೋದ ಮೇಲೆ ಅಳಿಸಲು ಸಮಯ ಇದ್ದೇ ಇದೆ.

ಇದಕ್ಕೂ ಮೊದಲು 'ಫೈಲ್' ಪಟ್ಟಿಯಲ್ಲಿರುವ 'ಬ್ಯಾಕಪ್ ಎವಲ್ಯೂಶನ್ ಡೇಟಾ' ಒತ್ತಿ ಇಡೀ ಸಂಗ್ರಹವನ್ನು ಒಂದೇ ಕಡತವಾಗಿ ಪೆನ್ ಡ್ರೈವಿಗೆ ಇಳಿಸಿಕೊಳ್ಳಬೇಕು. ಹೊಸ ಯಂತ್ರದಲ್ಲಿ ಎವಲ್ಯೂಶನ್ ಮೊದಲ ಬಾರಿಗೆ ತೆರೆದಾಗ ಆ ಕಡತದಿಂದ ಮರಳಿ ತುಂಬಿಸಬಹುದು. ಪಾಸ್‌ವರ್ಡುಗಳು ಮಾತ್ರ ಅದರಲ್ಲಿ ಬರುವುದಿಲ್ಲ. ಈಗಾಗಲೇ ಪತ್ರಗಳಿರುವ ಯಂತ್ರದಲ್ಲಿ ಹೀಗೆ ತುಂಬಿಸಿದರೆ ಅಲ್ಲಿದ್ದದ್ದು ಹೋಗಿ ಇದು ಬರುತ್ತದೆ, ಎರಡೂ ಸೇರಿಕೊಳ್ಳುವುದಿಲ್ಲ.

ಪಾಸ್‌ವರ್ಡನ್ನು ಪದೇ ಪದೇ ಕೇಳುವುದು ಇನ್ನೊಂದು ಸಾಮಾನ್ಯ ದೂರು. ಪಾಸ್‌ವರ್ಡುಗಳನ್ನು ಕಾಯುವುದು ಎವಲ್ಯೂಶನ್ ಅಲ್ಲ, ಗ್ನೋಮ್ ಕೀರಿಂಗ್ ಎಂಬ ಬೇರೆ ಪೆಟ್ಟಿಗೆ. ನಾವು ಯಂತ್ರಕ್ಕೆ ಲಾಗಿನ್ ಆಗುವಾಗ ಟೈಪು ಮಾಡುವ ಪಾಸ್‌ವರ್ಡ್‌ನಿಂದಲೇ ಆ ಪೆಟ್ಟಿಗೆ ತೆರೆಯುತ್ತದೆ. ಪಾಸ್‌ವರ್ಡ್ ಕೇಳದೆ ತಾನಾಗಿ ಲಾಗಿನ್ ಆಗುವಂತೆ ಮಾಡಿದ್ದರೆ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಲಾಗಿನ್ ಪಾಸ್‌ವರ್ಡನ್ನು ಬೇರೆಯವರು ಬದಲಿಸಿ ಕೊಟ್ಟಿದ್ದರೆ ಪೆಟ್ಟಿಗೆಗೆ ಇನ್ನೂ ಹಳೆಯದೇ ಬೀಗ. ಇನ್ನು ಜಿಮೇಲ್: ವೈಯಕ್ತಿಕ ಖಾತೆಗಳ ಮಾಮೂಲಿ ಪಾಸ್‌ವರ್ಡನ್ನು ಇಂಥ ತಂತ್ರಾಂಶಗಳಿಂದ ಸ್ವೀಕರಿಸುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಒಪ್ಪುವುದಿಲ್ಲ. ಸೆಟ್ಟಿಂಗ್ಸ್‌ನ 'ಆನ್‌ಲೈನ್ ಅಕೌಂಟ್ಸ್'ನಲ್ಲಿ ಗೂಗಲ್ ಖಾತೆಯನ್ನು ಸೇರಿಸಿ, ಗೂಗಲ್‌ನದೇ ಪುಟದಲ್ಲಿ ಅನುಮತಿ ಕೊಡುವುದು ಸರಿಯಾದ ದಾರಿ.

ಬರೆದ ಪತ್ರ ಔಟ್‌ಬಾಕ್ಸ್‌ನಲ್ಲೇ ಕುಳಿತಿದ್ದರೆ ಕೆಳಗಿನ ಎಡ ಮೂಲೆಯ ಗುರುತನ್ನು ನೋಡಿ. ತಂತ್ರಾಂಶ 'ಆಫ್‌ಲೈನ್' ಆಗಿರಬಹುದು. ಅಳಿಸಿದ ಪತ್ರ ಬೇಕಿದ್ದರೆ, 'ಎಕ್ಸ್‌ಪಂಜ್' ಮಾಡಿಲ್ಲದಿದ್ದಲ್ಲಿ ಅದು ಹೋಗಿಲ್ಲ, ಮರೆಯಾಗಿದೆ ಅಷ್ಟೆ.

ಕ್ಯಾಲೆಂಡರ್ ಬಗ್ಗೆ ಕಚೇರಿಗಳು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ನಮ್ಮ ದೃಷ್ಟಿಯಲ್ಲಿ ಅದು ನಷ್ಟವೇ. ಗುರಿಕಾರರ ಸಭೆ ಪ್ರತಿ ತಿಂಗಳ ಮೊದಲ ಭಾನುವಾರ ಎಂದಿದ್ದರೆ ತಾರೀಕು ಲೆಕ್ಕ ಹಾಕಬೇಕಾಗಿಲ್ಲ. 'ರಿಕರೆನ್ಸ್' ಎಂಬಲ್ಲಿ ತಿಂಗಳಿಗೊಮ್ಮೆ, ಮೊದಲ ಭಾನುವಾರ ಎಂದು ಒಮ್ಮೆ ಬರೆದರಾಯಿತು. ಈಸ್ಟರ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, ಕೈಯಿಂದಲೇ ಬರೆಯಬೇಕು. ವಿಳಾಸ ಪುಸ್ತಕದಲ್ಲಿ ಹುಟ್ಟಿದ ದಿನ ನಮೂದಿಸಿದರೆ ಅದು 'ಬರ್ತ್‌ಡೇಸ್ ಅಂಡ್ ಆನಿವರ್ಸರೀಸ್' ಕ್ಯಾಲೆಂಡರಿನಲ್ಲಿ ತಾನಾಗಿಯೇ ಕಾಣುತ್ತದೆ. ಗಲ್ಫ್‌ನಿಂದ ಬಂದ ಆಮಂತ್ರಣದ ವೇಳೆ ವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಕುವೈತಿನ ಸಂಜೆ 6 ಗಂಟೆ ಇಲ್ಲಿಯ ರಾತ್ರಿ 8.30. ಅದಕ್ಕೂ ಹೊಂದದಿದ್ದರೆ 'ಪ್ರಿಫರೆನ್ಸಸ್' ಒಳಗೆ ಕ್ಯಾಲೆಂಡರಿನ ಕಾಲವಲಯ ಏಷ್ಯಾ-ಕೋಲ್ಕತಾ ಎಂದಿದೆಯೇ ನೋಡಬೇಕು.

ಕನ್ನಡ ಪತ್ರಗಳು ಕಲಸುಮೇಲೋಗರವಾಗಿ ಕಂಡರೆ 'ವ್ಯೂ' ಪಟ್ಟಿಯ 'ಕ್ಯಾರೆಕ್ಟರ್ ಎನ್‌ಕೋಡಿಂಗ್'ನಲ್ಲಿ ಯುಟಿಎಫ್-8 ಆರಿಸಿ ನೋಡಿ. ಯುನಿಕೋಡ್ ಪತ್ರವಾದರೆ ಸರಿಹೋಗುತ್ತದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪು ಮಾಡಿ ಕಳಿಸಿದ್ದಾದರೆ ಯಾವ ಆಯ್ಕೆಯಿಂದಲೂ ಓದಲಾಗದು. ಪಠ್ಯವನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಬೇಕು, ಇಲ್ಲವೇ ಕಳಿಸಿದವರನ್ನೇ ಇನ್ನೊಮ್ಮೆ ಯುನಿಕೋಡ್‌ನಲ್ಲಿ ಕಳಿಸುವಂತೆ ಕೇಳಬೇಕು.