ಕಗ್ಗಂಟನ್ನು ಬಿಡಿಸುವ ಕೊಂಬು

ಗ್ರಂಥವೆಂಬ ಶಬ್ದವು ಕಟ್ಟುವುದು, ಪೋಣಿಸುವುದು ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿತೆಂಬುದೂ, ಗ್ರಂಥಿಯೆಂದರೆ ಗಂಟೆಂಬುದೂ ವಿದ್ವಾಂಸರಿಗೆ ವಿದಿತವೇ ಆಗಿವೆ. ತಾಳೆಯೋಲೆಗಳಿಗೆ ರಂಧ್ರವನ್ನು ಕೊರೆದು, ದಾರವನ್ನು ಪೋಣಿಸಿ, ಮೇಲೂ ಕೆಳಗೂ ಹಲಗೆಗಳನ್ನಿಟ್ಟು ಬಿಗಿದ ಕಟ್ಟೇ ನಮ್ಮ ಪೂರ್ವಿಕರ ಪುಸ್ತಕವು. ಆದಕಾರಣ ಗ್ರಂಥವನ್ನು ಓದಲಿಚ್ಛಿಸುವವನು ಮೊದಲು ಗಂಟನ್ನು ಬಿಚ್ಚಬೇಕಾಗುವುದು. ಆ ಗಂಟು ಬಲು ಬಿಗಿದು ಸಿಕ್ಕಾಗಿದ್ದರೆ ಅದನ್ನು ಕಗ್ಗಂಟೆನ್ನುವೆವು. ಕಗ್ಗತ್ತಲೆ, ಕಗ್ಗಾಡು ಎಂಬಲ್ಲಿರುವ ಪೂರ್ವಪದವೇ ಇಲ್ಲಿಯೂ ಇದ್ದು, ಒಳಹೊಗಲು ತೆರಪಿಲ್ಲದ ದಟ್ಟತನವನ್ನು ಸೂಚಿಸುತ್ತದೆ. ಇಂಥ ಗಂಟನ್ನು ದಾರಕ್ಕೆ ಕೇಡಾಗದಂತೆ ಬಿಡಿಸುವ ಸಾಧನವೊಂದುಂಟು. ಅದರ ಪ್ರಾಚೀನತೆಯನ್ನೂ, ಅದರಿಂದ ಗ್ರಂಥಸಂಪಾದಕರು ಕಲಿಯತಕ್ಕುದನ್ನೂ ಈ ಲೇಖನದಲ್ಲಿ ವಿಚಾರಿಸುವೆನು.

ಈ ವಿಚಾರಕ್ಕೆ ನಿಮಿತ್ತವಾದುದು ನನ್ನದೇ ಒಂದು ಅಪರಾಧ. ಸುಮಾರು ಮೂವತ್ತು ವರ್ಷಗಳ ಹಿಂದೆ, ಪಾಠಶಾಲೆಯನ್ನು ಬಿಟ್ಟ ಹೊಸದರಲ್ಲಿ, ನನ್ನ ಕೈಗೆ ಒಂದು ಗದ್ಯವ್ಯಾಖ್ಯಾನದ ಓಲೆಕಟ್ಟು ಬಂದಿತು. ದಾರವು ಗಂಟುಗಂಟಾಗಿ ಬಿಗಿದಿತ್ತು. ಆತುರದಿಂದ ಚಾಕುವನ್ನು ಹಾಕಿ ಕೊಯ್ದೆನು. ಓಲೆಗಳು ನೆಲದ ಮೇಲೆ ಚೆಲ್ಲಿದವು. ಪತ್ರಾಂಕಗಳಿದ್ದ ಅಂಚು ಸವೆದುಹೋಗಿದ್ದುದರಿಂದ ಅವುಗಳ ಅನುಕ್ರಮಕ್ಕೆ ಆ ದಾರವೊಂದೇ ಸಾಕ್ಷಿಯಾಗಿತ್ತು. ಪ್ರಸಿದ್ಧವಾದ ಪದ್ಯಕಾವ್ಯವಾಗಿದ್ದರೆ ಬೇರೆ ಪ್ರತಿಯೊಡನೆ ಹೋಲಿಸಿ ಜೋಡಿಸಬಹುದಾಗಿತ್ತು. ಗದ್ಯವಾದುದರಿಂದ ಅರ್ಧದಷ್ಟು ಓಲೆಗಳ ಕ್ರಮವು ಇಂದಿಗೂ ನಿಶ್ಚಯವಾಗಿಲ್ಲ. ಕೊಯ್ದದ್ದು ಒಂದು ನಿಮಿಷದ ಕೆಲಸ. ಅದರ ಫಲವನ್ನು ಮೂವತ್ತು ವರ್ಷ ಅನುಭವಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹಲಸೂರಿನಲ್ಲಿ, ಸೋಮೇಶ್ವರ ದೇವಾಲಯದ ಆಸುಪಾಸಿನ ಒಂದು ಮನೆಯಲ್ಲಿ, ಅಂಥದೇ ಮತ್ತೊಂದು ಕಟ್ಟನ್ನು ನೋಡುವ ಯೋಗವೊದಗಿತು. ಗಂಟು ಮೊದಲಿನದಕ್ಕಿಂತಲೂ ಕಠಿನವಾಗಿತ್ತು. ನಾನು ಅದಕ್ಕೆ ನೀರನ್ನು ಚಿಮುಕಿಸಲು ಹೊರಟಾಗ, ಸೈನ್ಯದಿಂದ ನಿವೃತ್ತರಾದ ನೆರೆಮನೆಯ ವೃದ್ಧರೊಬ್ಬರು ತಡೆದು, “ಬೇಡಿ ಸ್ವಾಮಿ, ನೂಲು ನೀರು ಕುಡಿದರೆ ಉಬ್ಬುತ್ತದೆ, ಗಂಟು ಇನ್ನೂ ಕಚ್ಚಿಕೊಳ್ಳುತ್ತದೆ” ಎಂದು ಹೇಳಿ, ತಮ್ಮ ಮನೆಯಿಂದ ಒಂದು ಉಕ್ಕಿನ ಕಡ್ಡಿಯನ್ನು ತಂದರು. ಅದು ಗೇಣುದ್ದಕ್ಕಿಂತ ಕಿರಿದು. ಬುಡದಲ್ಲಿ ಬೆರಳಿನಷ್ಟು ದಪ್ಪವಾಗಿದ್ದು ಕ್ರಮಕ್ರಮವಾಗಿ ಸಣ್ಣಗಾಗುತ್ತ ಹೋಗಿ ಮೊನೆಯಾಗಿತ್ತು. ಆದರೆ ಮೊನೆಯು ಚೂಪಾಗಿರಲಿಲ್ಲ, ಕೈಯಾಡಿ ನುಣುಪಾಗಿದ್ದಿತು.

ಅವರು ದಾರದ ತುದಿಗಳನ್ನು ಎಳೆಯಲೇ ಇಲ್ಲ. ಎಳೆದಷ್ಟೂ ಗಂಟು ಬಿಗಿಯುವುದೆಂದು ಹೇಳಿ, ತುದಿಗಳನ್ನು ಗಂಟಿನ ಕಡೆಗೇ ಮೆಲ್ಲಗೆ ತಳ್ಳಿದರು. ಬಳಿಕ ಗಂಟನ್ನು ಹಲಗೆಯಿಂದ ತುಸು ಮೇಲೆತ್ತಿ ಹಿಡಿದು ಬೆರಳುಗಳ ನಡುವೆ ಹೊರಳಿಸಿ ನೋಡಿ, ಎಲ್ಲಕ್ಕಿಂತ ಹೊರಗಿದ್ದ ಸುತ್ತು ಯಾವುದೆಂದು ಗುರುತಿಸಿದರು. ಆ ಸುತ್ತಿನ ಕೆಳಗೆ, ಹುರಿಯ ಓಟವನ್ನನುಸರಿಸಿ, ಮೊನೆಯನ್ನು ತೂರಿಸಿ ಅತ್ತಿತ್ತ ತಿರುಗಿಸಿದರು. ಮೊನೆಯ ಹಿಂದಿನ ದಪ್ಪಭಾಗವು ಒಳಹೋದಂತೆಲ್ಲ ಸುತ್ತು ಸಡಿಲಿತು. ಒಂದು ಸುತ್ತು ಸಡಿಲಿದರೆ ಮಿಕ್ಕವುಗಳಿಗೆ ಹಿಡಿತವೆಲ್ಲಿಯದು? ಕಾಲುಗಂಟೆಯಲ್ಲಿ ಕಟ್ಟು ಬಿಚ್ಚಿತು. ಓಲೆಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದುವು. “ಹಗ್ಗದ ಮೇಲೆ ಕೋಪ ಮಾಡಬಾರದು ಸ್ವಾಮಿ” ಎಂದು ಆ ವೃದ್ಧರು ನಕ್ಕರು. ಮೂವತ್ತು ವರ್ಷಗಳ ಹಿಂದೆ ಈ ಮಾತನ್ನು ನನಗೆ ಹೇಳುವವರಿರಲಿಲ್ಲ.

ಈ ಸಾಧನಕ್ಕೆ ಇಂಗ್ಲಿಷರು ಮಾರ್ಲಿನ್ ಸ್ಪೈಕ್ ಎನ್ನುವರು. ಹಡಗುಗಳಲ್ಲಿ ಹಗ್ಗಗಳನ್ನು ಸುತ್ತಿ ಬಿಗಿಯುವ ಎರಡೆಳೆಯ ಸಣ್ಣ ಹುರಿಗೆ ಮಾರ್ಲಿನ್ ಎಂದು ಹೆಸರು. ಮರದಿಂದಲೋ ಎಲುಬಿನಿಂದಲೋ ಮಾಡಿದ ಇದೇ ಬಗೆಯ ಸಾಧನವು ಫಿಡ್ ಎನಿಸಿಕೊಳ್ಳುವುದು. ಇದು ನಮ್ಮ ದಬ್ಬಳಕ್ಕಿಂತ ಭಿನ್ನವಾದುದು. ದಬ್ಬಳವು ಗೋಣಿಯನ್ನು ಚುಚ್ಚುತ್ತದೆ. ಚಮ್ಮಾರರ ಆರೆಯನ್ನು ಅಮರಸಿಂಹನು ಚರ್ಮವನ್ನು ಭೇದಿಸುವುದೆಂಬ ಅರ್ಥದ ಹೆಸರಿನಿಂದಲೇ ನಿರ್ದೇಶಿಸಿರುವನು. ಪ್ರಕೃತ ಸಾಧನವಾದರೋ ಏನನ್ನೂ ಭೇದಿಸುವುದಿಲ್ಲ. ಇರುವ ಎಳೆಗಳ ನಡುವೆ ಎಡೆಯನ್ನು ಮಾತ್ರ ಮಾಡಿಕೊಡುತ್ತದೆ.

ಸಮುದ್ರಕ್ಕೆ ದೂರವಾದ ಹಲಸೂರಿಗೆ ನಾವಿಕರ ಸಾಧನವು ಬಂದ ಬಗೆ ಹೇಗೆಂದು ಆಶಂಕೆಯುಂಟಾಗಬಹುದು. ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯವು ಬಂದು ನೆಲೆಸಲು 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪಿತವಾಯಿತು. 1780ರಲ್ಲಿ ಮದರಾಸಿನಲ್ಲಿ ರಚಿತವಾದ ಪಯೋನಿಯರ್ ದಳಗಳಿಂದ ಬೆಳೆದು ಬಂದ ಮದರಾಸ್ ಸ್ಯಾಪರ್ಸ್ ಎಂಬ ಸೈನ್ಯಭಾಗವು 19ನೆಯ ಶತಮಾನದಲ್ಲಿ ಈ ದಂಡನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಮದರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿನಿಂದ ಅದರ ಕೇಂದ್ರವು ಇಂದಿಗೂ ಹಲಸೂರು ಕೆರೆಯ ಬಳಿಯಲ್ಲಿದೆ. ದಾರಿಗಳನ್ನು ಮಾಡುವುದು, ದೋಣಿಗಳಿಂದಲೂ ತೊಲೆಗಳಿಂದಲೂ ಸೇತುವೆಗಳನ್ನು ಕಟ್ಟುವುದು ಇವರ ಕಾರ್ಯಗಳು. ಹಗ್ಗದ ವಿದ್ಯೆಯಿಲ್ಲದೆ ಸೇತುವೆಯಿಲ್ಲ. ಕಟ್ಟಿದ ಸೇತುವೆಯನ್ನು ಬಿಚ್ಚಿ ಆ ಹಗ್ಗಗಳನ್ನೇ ಮತ್ತೊಂದು ಹೊಳೆಗೆ ಒಯ್ಯಬೇಕಾದವನು ಗಂಟನ್ನು ಕೊಯ್ಯಲಾರನು. ಆದುದರಿಂದಲೇ ಈ ಸಾಧನಕ್ಕೆ ಅವರಲ್ಲಿ ಪ್ರಯೋಜನವುಂಟು.

ಹಾಗಾದರೆ ಇದು ನಮಗೆ ಪರಕೀಯವೇ? ಹಾಗೆಂದು ತೋರುವುದಿಲ್ಲ. ಅಥರ್ವವೇದದ ಮೂರನೆಯ ಕಾಂಡದ ಏಳನೆಯ ಸೂಕ್ತವು ಕ್ಷೇತ್ರಿಯವೆಂಬ ರೋಗದ ನಿವಾರಣೆಗಾಗಿ ಜಿಂಕೆಯ ಕೊಂಬನ್ನು ಸ್ತುತಿಸುತ್ತದೆ. ರೋಗಿಯ ಹೃದಯದಲ್ಲಿ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುವ ವ್ಯಾಧಿಯನ್ನು ಬಿಚ್ಚೆಂದು ಅಲ್ಲಿ ಕೊಂಬಿಗೆ ಪ್ರಾರ್ಥನೆಯಿದೆ. ಸಿಕ್ಕಾದುದಕ್ಕೆ ಗುಷ್ಪಿತವೆಂಬ ಅಪೂರ್ವಶಬ್ದವೂ, ಕೊಂಬಿಗೆ ವಿಷಾಣಾ ಎಂಬ ಶಬ್ದವೂ, ಬಿಚ್ಚೆಂಬುದಕ್ಕೆ ವಿಷ್ಯ ಎಂಬ ಕ್ರಿಯಾಪದವೂ ಪ್ರಯುಕ್ತವಾಗಿವೆ. ವಿಷಾಣಾ ಎಂದರೆ ಬಿಚ್ಚತಕ್ಕುದು ಎಂಬ ಭಾವನೆಯು ಈ ಶಬ್ದಮೈತ್ರಿಯಿಂದ ಸ್ಫುಟವಾಗಿ ಹೊರಡುತ್ತದೆ. ಅದೇ ವೇದದ ಆರನೆಯ ಕಾಂಡದ 121ನೆಯ ಸೂಕ್ತದಲ್ಲಿ ವರುಣನ ಪಾಶಗಳನ್ನು ಬಿಚ್ಚುವ ಪ್ರಸಂಗದಲ್ಲಿಯೂ ಇವೆರಡು ಶಬ್ದಗಳು ಜೊತೆಯಾಗಿಯೇ ಬರುತ್ತವೆ. ಸೋಮಯಾಗದಲ್ಲಿ ದೀಕ್ಷಿತನು ಕೃಷ್ಣಮೃಗದ ಕೊಂಬಿನಿಂದಲೇ ಮೈಯನ್ನು ತುರಿಸಿಕೊಳ್ಳಬೇಕೆಂಬ ವಿಧಿಯಿರುವುದರಿಂದ, ಕೊಂಬು ಕೈಯಲ್ಲಿ ಹಿಡಿಯುವ ಉಪಕರಣವಾಗಿತ್ತೆಂಬುದು ಸಿದ್ಧ. ಬುಡದಲ್ಲಿ ದಪ್ಪವಾಗಿ, ತುದಿಯಲ್ಲಿ ನುಣುಪಾದ ಮೊನೆಯಾಗಿ, ಸ್ವಭಾವದಿಂದಲೇ ಗಂಟು ಬಿಡಿಸಲು ಯೋಗ್ಯವಾದ ಆಕಾರವು ಅದಕ್ಕುಂಟು. ಹಗ್ಗದ ಗಂಟನ್ನು ಕೊಂಬಿನಿಂದ ಬಿಡಿಸುತ್ತಿದ್ದ ಜನರಲ್ಲದೆ ಮತ್ತಾರು ರೋಗದ ಗಂಟನ್ನು ಬಿಡಿಸಲು ಅದನ್ನು ಬೇಡುವರು? ಆಚಾರವು ಮೊದಲು, ಉಪಮೆಯು ಆಮೇಲೆ ಎಂದು ಊಹಿಸುವುದು ಯುಕ್ತವಾಗಿದೆ. ಅಮರಕೋಶದ ಕಾಲಕ್ಕೆ ವಿಷಾಣವು ಪಶುವಿನ ಕೊಂಬು, ಆನೆಯ ದಂತ ಎಂಬ ಎರಡರ್ಥಗಳಲ್ಲಿ ನಿಂತಿತು. ಬಿಚ್ಚುವಿಕೆಯ ನೆನಪು ಕೋಶದಿಂದ ಜಾರಿತು.

ಕಗ್ಗಂಟಿಗೆ ಭೇದನವೆಂಬ ಮತ್ತೊಂದು ಮಾರ್ಗವೂ ಉಂಟು. ಪರಾವರವಾದ ತತ್ತ್ವವನ್ನು ಕಂಡವನ ಹೃದಯಗ್ರಂಥಿಯು ಒಡೆಯುವುದೆಂದು ಮುಂಡಕೋಪನಿಷತ್ತು ಹೇಳುತ್ತದೆ. ಅವಿದ್ಯೆಯ ಗಂಟನ್ನು ಉಳಿಸಿಕೊಳ್ಳಬೇಕಾದ ಅಗತ್ಯವಿಲ್ಲದುದರಿಂದ ಅಲ್ಲಿ ಒಡೆಯುವುದೇ ಉಚಿತ. ಕ್ರಿ. ಪೂ. 333ರಲ್ಲಿ ಅಲೆಕ್ಸಾಂಡರನು ಗಾರ್ಡಿಯಂ ನಗರದ ಗಾಡಿಯ ಗಂಟನ್ನು ಕತ್ತಿಯಿಂದ ಕಡಿದನೆಂಬುದು ಲೋಕಪ್ರಸಿದ್ಧ. ಆದರೆ ಆತನೊಡನಿದ್ದ ಅರಿಸ್ಟೊಬ್ಯುಲಸನ ಹೇಳಿಕೆಯನ್ನು ಅರಿಯನನು ಉಳಿಸಿಕೊಟ್ಟಿದ್ದಾನೆ. ಅದರಂತೆ, ಅಲೆಕ್ಸಾಂಡರನು ಮೂಕಿಗೆ ತೊಡಿಸಿದ್ದ ಕೀಲನ್ನು ಕಿತ್ತು ನೊಗವನ್ನು ಬೇರ್ಪಡಿಸಿದನು. ಜನರು ಕತ್ತಿಯ ಕಥೆಯನ್ನೇ ನೆನಪಿನಲ್ಲಿಟ್ಟುಕೊಂಡರು. ಕತ್ತಿಯ ಮಾರ್ಗಕ್ಕೆ ಬೆಂಗಳೂರಿನ ದಂಡಿನಲ್ಲಿಯೂ ನಿದರ್ಶನವುಂಟು. 1912ರಲ್ಲಿ ಇಲ್ಲಿನ ಸ್ಯಾಪರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ಎಂಬಾತನು, ಸಿಡಿಮದ್ದನ್ನು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಶತ್ರುಗಳ ಅಡೆತಡೆಗಳ ಕೆಳಗೆ ತಳ್ಳಿ ಸಿಡಿಸುವ ಉಪಾಯವನ್ನು ಕಂಡುಹಿಡಿದನು. ಮುಳ್ಳುತಂತಿಯ ಸಿಕ್ಕನ್ನು ಕ್ಷಣಮಾತ್ರದಲ್ಲಿ ಛಿದ್ರಿಸುವ ಆ ಸಾಧನವು ‘ಬೆಂಗಳೂರು ಟಾರ್ಪಿಡೊ’ ಎಂಬ ಹೆಸರಿನಿಂದ ಎರಡು ಮಹಾಯುದ್ಧಗಳಲ್ಲಿಯೂ ಬಳಕೆಯಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿಯೂ ಪ್ರಯುಕ್ತವಾಯಿತು. ಹೀಗೆ ಒಂದೇ ದಳದವರ ಕೈಯಲ್ಲಿ ಬಿಚ್ಚುವ ಕಡ್ಡಿಯೂ ಇತ್ತು, ಸಿಡಿಸುವ ಕೊಳವೆಯೂ ಇತ್ತು. ಶತ್ರುವಿನ ತಂತಿಯನ್ನು ಸಿಡಿಸಿದರು, ತಮ್ಮ ಹಗ್ಗವನ್ನು ಬಿಚ್ಚಿದರು. ಯಾವುದು ಶತ್ರುವಿನದು, ಯಾವುದು ತಮ್ಮದು ಎಂಬ ವಿವೇಕವು ಅವರಿಗಿದ್ದಿತು.

ಗ್ರಂಥಸಂಪಾದಕರಿಗೂ ಇದೇ ವಿವೇಕವು ಬೇಕು. 12ನೆಯ ಶತಮಾನದ ಶ್ರೀಹರ್ಷನು ತನ್ನ ನೈಷಧೀಯಚರಿತದ ಕೊನೆಯಲ್ಲಿ, ಅಲ್ಲಲ್ಲಿ ಪ್ರಯತ್ನಪೂರ್ವಕವಾಗಿ ಗ್ರಂಥಗ್ರಂಥಿಗಳನ್ನಿಟ್ಟಿರುವುದಾಗಿ ಹೇಳಿಕೊಂಡಿರುವನು. ತಾನೇ ಪ್ರಾಜ್ಞನೆಂದು ಬಗೆದು ಬಲಾತ್ಕಾರದಿಂದ ಓದುವವನಿಗೆ ಅವು ಅಡ್ಡಿ. ಶ್ರದ್ಧೆಯಿಂದ ಗುರುವನ್ನು ಸೇವಿಸಿ ಆ ದೃಢಗ್ರಂಥಿಗಳನ್ನು ಸಡಿಲಿಸಿಕೊಂಡವನಿಗೆ ಕಾವ್ಯರಸದಲ್ಲಿ ಮೀಯುವ ಸುಖ. ಇಲ್ಲಿ ಕವಿಯು ಭೇದನದ ಮಾತನ್ನಾಡದೆ ಸಡಿಲಿಸುವ ಮಾತನ್ನೇ ಆಡಿರುವುದು ಗಮನಾರ್ಹವಾಗಿದೆ. ಗಂಟೂ ಗ್ರಂಥದ ಅಂಗವೇ ಸರಿ. ಅದನ್ನು ಕೊಯ್ದರೆ ಗ್ರಂಥಕ್ಕೇ ಊನ.

ಹಳಗನ್ನಡ ಪ್ರತಿಗಳಲ್ಲಿ ಅರ್ಥವಾಗದ ಪಾಠವು ಬಂದೊಡನೆ, ಇದು ಲಿಪಿಕಾರನ ಪ್ರಮಾದವೆಂದು ತಿದ್ದಿ ಸುಗಮವಾದ ಶಬ್ದವನ್ನು ಸೇರಿಸುವ ಚಾಪಲ್ಯವು ನಮ್ಮಲ್ಲಿ ಹಲವರಿಗುಂಟು, ನನಗೂ ಇದ್ದಿತು. ಅದು ಚಾಕುವಿನ ಮಾರ್ಗ. ಕ್ಲಿಷ್ಟವಾದ ಪಾಠವೇ ಎಷ್ಟೋ ವೇಳೆ ಮೂಲಪಾಠವಾಗಿರುವುದು. ಆ ಸ್ಥಳವನ್ನು ನಮ್ಮ ಇಷ್ಟಾರ್ಥದ ಕಡೆಗೆ ಎಳೆಯದೆ, ಹಿಂದುಮುಂದಿನ ವಾಕ್ಯಗಳನ್ನು ಅದರ ಹತ್ತಿರಕ್ಕೆ ತಂದು, ಛಂದಸ್ಸು, ಸಂಧಿ, ಅಕ್ಷರಸಾದೃಶ್ಯ ಇವುಗಳಲ್ಲಿ ಹೊರಗಣ ಸುತ್ತು ಯಾವುದೆಂದು ಹುಡುಕಿ, ಅಲ್ಲಿ ಮೊದಲು ಎಡೆಮಾಡಬೇಕು. ಬಿಡದಿದ್ದರೆ ಗಂಟನ್ನು ಗಂಟಾಗಿಯೇ ಅಚ್ಚುಮಾಡಿಸಿ ಮುಂದಿನವರಿಗೆ ಬಿಡಬೇಕು. ಕೊಯ್ದ ದಾರವನ್ನು ಅವರು ಮತ್ತೆ ಕೂಡಿಸಲಾರರು.

ಹಲಸೂರಿನ ಆ ಕಟ್ಟಿನ ಓಲೆಗಳನ್ನು ಎಣಿಸಿ, ಅವುಗಳಿಗೆ ಹೊಸದಾಗಿ ಅಂಕಗಳನ್ನು ಬರೆದಿಟ್ಟು, ಹಳೆಯ ದಾರದಿಂದಲೇ ಮರಳಿ ಕಟ್ಟಿದೆವು. ಈ ಸಲ ಗಂಟನ್ನು ಹಾಕಿದವರು ಆ ವೃದ್ಧರೇ. ತುದಿಯನ್ನು ಹಿಡಿದೆಳೆದರೆ ತಾನಾಗಿ ಬಿಚ್ಚಿಕೊಳ್ಳುವ ಗಂಟದು. ಮುಂದೆ ಆ ಕಟ್ಟನ್ನು ಬಿಚ್ಚುವ ವಿದ್ಯಾರ್ಥಿಗೆ ಕೊಂಬೂ ಬೇಡ, ಚಾಕುವಂತೂ ಬೇಡವೇ ಬೇಡ.