ಒಗಟು, ಕಲಿಕೆ ಮತ್ತು ಗುರು: ನಲಿ-ಕಲಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮಗು ತಾನೇ ಶೋಧಿಸಿ ಕಲಿಯಬೇಕೆಂದರೆ ಶಿಕ್ಷಕರ ಪಾತ್ರವೇನು? ಈ ಪ್ರಶ್ನೆಯನ್ನು ಕರ್ನಾಟಕದ ಶಾಲಾ ಚರಿತ್ರೆಯೊಂದಿಗೆ ಜನಪದರ ಕಲಿಕೆಯ ಕ್ರಮದಲ್ಲಿಯೂ ಪರಿಶೀಲಿಸುವುದು ಅಗತ್ಯ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಸಲ್ಲಿಸಿದ ವರದಿಯು ಆ ಜಿಲ್ಲೆಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ದಾಖಲಿಸಿದೆ. ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದರು. ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈ ಪದ್ಧತಿಯನ್ನು ಮೆಚ್ಚಿದ ಕ್ಯಾಂಬೆಲ್, ಅರ್ಥವರಿಯದೆ ಪದ್ಯಗಳನ್ನು ಬಾಯಿಪಾಠ ಮಾಡಿಸುವುದನ್ನು ದೋಷವೆಂದು ಗುರುತಿಸಿದ್ದಾನೆ. ಪರಸ್ಪರ ಕಲಿಕೆಗಿದ್ದ ಎಡೆ ಪ್ರಶ್ನೆಗೆ ಇರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಾಲೆಯ ಹೊರಗೆ ಪ್ರಶ್ನೆಗೆ ನೆಲೆಯಾದುದು ಒಗಟು. ಒಗಟು ಹಾಕುವವರಿಗೆ ಉತ್ತರ ತಿಳಿದಿರುತ್ತದೆ. ಆದರೂ ಎದುರಿನವರು ಸೋಲೊಪ್ಪುವವರೆಗೆ ಬಿಟ್ಟುಕೊಡುವುದಿಲ್ಲ. ಸುಳಿವು ನೀಡುತ್ತಾರೆ, ಕಾಯುತ್ತಾರೆ. ಶೋಧನೆಗೆ ಇಂಬು ಕೊಡುವ ಗುರುವಿನ ಲಕ್ಷಣವೂ ಇದೇ ಆಗಿದೆ. ಆದರೆ ಒಗಟಿಗೆ ಸಮುದಾಯ ಒಪ್ಪಿದ ಉತ್ತರವಿರುತ್ತದೆ. ಶೋಧನೆಯಲ್ಲಾದರೋ ಗುರುವೂ ನಿರೀಕ್ಷಿಸದ ಉತ್ತರ ಮಗುವಿನಿಂದ ಬರಬಹುದು. ಅದನ್ನು ಸ್ವೀಕರಿಸುವ ಸಿದ್ಧತೆ ಗುರುವಿಗೆ ಬೇಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ 'ನಲಿ-ಕಲಿ' ಈ ದೃಷ್ಟಿಯಿಂದ ಮಹತ್ವದ್ದು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಸರ್ಕಾರಿ ಶಾಲಾ ಶಿಕ್ಷಕರೇ ಕಲಿಕಾ ಕಾರ್ಡುಗಳನ್ನು ರೂಪಿಸಿದರು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುತ್ತದೆ. ಶಿಕ್ಷಕರ ಸಹಾಯ ಪಡೆಯುವ ಗುಂಪಿನಿಂದ ತೊಡಗಿ ಗೆಳೆಯರ ಸಹಾಯದ ಗುಂಪು, ಸ್ವಕಲಿಕೆಯ ಗುಂಪುಗಳವರೆಗೆ ಸಾಗುತ್ತದೆ. ಗೆಳೆಯರ ಗುಂಪು ಬಳ್ಳಾರಿಯ ಹಳೆಯ ಪದ್ಧತಿಯನ್ನು ನೆನಪಿಸುತ್ತದೆ. ಇದು ಸಾದೃಶ್ಯವೇ ಹೊರತು ಪರಂಪರೆಯ ನೇರ ಮುಂದುವರಿಕೆಯಲ್ಲ.

2009-10ರಲ್ಲಿ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಕಾರ್ಡುಗಳು ಅಚ್ಚಾಗಿ ಶಾಲೆಗಳನ್ನು ತಲುಪಿದವು. ವ್ಯಾಪ್ತಿಯ ದೃಷ್ಟಿಯಿಂದ ಇದು ಅನಿವಾರ್ಯವಾಗಿತ್ತು. ಆದರೆ ಹೆಗ್ಗಡದೇವನಕೋಟೆಯಲ್ಲಿ ಕಾರ್ಡಿನ ಕರ್ತೃವಾಗಿದ್ದ ಶಿಕ್ಷಕರು ಇಲ್ಲಿ ಅದರ ಬಳಕೆದಾರರಾದರು. ಅಚ್ಚಾದ ಚಟುವಟಿಕೆಯನ್ನು ಮಾಡಿಸುವುದೇ ಶೋಧನೆಯಾಗದು. ಒಗಟಿಗೆ ಪಾಠಾಂತರಗಳು ಹುಟ್ಟುವುದು ಹೇಳುವವರು ಅದನ್ನು ತಮ್ಮ ಊರಿನ ಬೆಳೆ, ಪ್ರಾಣಿ, ಪಾತ್ರೆಗಳಿಗೆ ಹೊಂದಿಸಿಕೊಳ್ಳುವುದರಿಂದ. ಅಂತಹ ಸ್ವಾತಂತ್ರ್ಯ ಶಿಕ್ಷಕರಿಗೂ ಇರಬೇಕು. ಸ್ವತಃ ಪ್ರಶ್ನೆ ಕಟ್ಟಲು ಅವಕಾಶವಿಲ್ಲದವರು ಮಗುವಿಗೆ ಪ್ರಶ್ನಿಸುವುದನ್ನು ಕಲಿಸಲಾರರೆಂಬುದೇ ಈ ಚರಿತ್ರೆಯಿಂದ ಗ್ರಹಿಸಬೇಕಾದ ಅಂಶವಾಗಿದೆ.